ದಿನಕ್ಕೆ ಎಷ್ಟು?

ಕುದುಸ್ ಊರಿನ ಗಾಳಿಗೇ ಲವಂಗದ ವಾಸನೆ.
ಹಲ್ಲು ನೋವು ಅಂದರೆ ಇಲ್ಲಿ ನಗುತ್ತಾರೆ:
ಬಾಯಿ ತೆರೆದು ಬೀದಿಯಲ್ಲಿ ನಿಂತುಕೋ, ಹೋಗುತ್ತೆ.
ಸಿಗರೇಟಿನೊಳಗೆ ಲವಂಗ ಉರಿದು ಚಟಚಟ ಅನ್ನುತ್ತದೆ,
ಆ ಸದ್ದೇ ಅದಕ್ಕೆ ಹೆಸರಾಯಿತು, ಕ್ರೆತೆಕ್.
ಚಟವೂ ಆಯಿತು.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹನ್ನೊಂದು ಪರದೆ,
ಮೂವತ್ತನಾಲ್ಕು ಮಕ್ಕಳು.
ನಾನು ಪಾಠ ಹೇಳುವವನಲ್ಲ, ತಂತಿ ನೋಡಿಕೊಳ್ಳುವವನು.
ಜಕಾರ್ತಾದವರು ಮಾಡಿ ಕಳಿಸಿದ ಜಾಲತಾಣ
ತೆರೆದುಕೊಟ್ಟು ಸುಮ್ಮನಿರುವುದು ಇವತ್ತಿನ ಕೆಲಸ.

ಗುಲಾಬಿ ಬಣ್ಣದ ಒಂದು ಶ್ವಾಸಕೋಶ
ಕುಣಿಯುತ್ತ ಬಂದು ಕಣ್ಣು ಮಿಟುಕಿಸಿತು.
ಶ್ವಾಸಕೋಶಕ್ಕೆ ಕಣ್ಣು ಯಾಕೆ ಸಾರ್?
ನನಗೂ ಗೊತ್ತಿಲ್ಲ.

ವಯಸ್ಸೆಷ್ಟು ಗೆಳೆಯಾ? ತೆಗಾರ್ ಹದಿನಾಲ್ಕು ಒತ್ತಿದ.
ದಿನಕ್ಕೆ ಎಷ್ಟು ಸೇದುತ್ತೀ?
ಆಚೀಚೆ ನೋಡಿ ಸೊನ್ನೆ ಒತ್ತಿದ,
ಅಳಿಸಿದ, ಮೂರು ಒತ್ತಿದ.
ಯಂತ್ರಕ್ಕೆ ನಿಜ ಹೇಳುವುದು ಸುಲಭವಿರಬೇಕು,
ಸಂತೆಯಲ್ಲಿ ಅದಕ್ಕೆ ಅಮ್ಮ ಸಿಗುವುದಿಲ್ಲ.

ಮುಂದೆ.

ಮನೆಯಲ್ಲಿ ಯಾರಿಗೆ ಸಿಗರೇಟಿನ ನಂಟು?
ಅಪ್ಪ, ಅಣ್ಣ, ಮಾವ, ಅಜ್ಜ ಎಂದು ಚೌಕಗಳು.
ಅಮ್ಮ ಸುಮಿಯಾತುನ್ ಸೇದುವುದಿಲ್ಲ,
ಸುತ್ತುತ್ತಾಳೆ.
ಕತ್ತಲಿರುವಾಗಲೇ ಸೈಕಲ್ ತುಳಿದು ಹೋಗಿ
ಇಪ್ಪತ್ತು ವರ್ಷದಿಂದ ಅದೇ ಬೆಂಚು, ಅದೇ ಮರದ ಅಚ್ಚು.
ಎದುರು ಕೂತವಳು ಕತ್ತರಿಯಲ್ಲಿ ತುದಿ ಕತ್ತರಿಸುತ್ತಾಳೆ,
ಇಬ್ಬರಿಗೂ ಸಾವಿರಕ್ಕಿಷ್ಟು.
ತೆಗಾರನ ಅಂಗಿ, ಪುಸ್ತಕ, ಕಳೆದ ವರ್ಷ ಮುರಿದ ಕೈಗೆ ಪಟ್ಟಿ,
ಎಲ್ಲ ಆ ಸಾವಿರಗಳಿಂದ ಬಂದದ್ದು.
ಸುತ್ತುವವರಿಗೆ ಚೌಕ ಇರಲಿಲ್ಲ.
'ಇತರೆ' ಇತ್ತು, ಒತ್ತಿದ.
ಭೇಷ್, ಅಂದಿತು ಶ್ವಾಸಕೋಶ.

ಮುಂದೆ.

ದಿನಕ್ಕೆ ಮೂರಾದರೆ ವರ್ಷಕ್ಕೆ ಸಾವಿರದ ತೊಂಬತ್ತೈದು,
ಅಷ್ಟು ದುಡ್ಡಿಗೆ ಬರುತ್ತಿತ್ತು ನೋಡು
ಎಂದು ಒಂದು ಜೊತೆ ಫುಟ್‌ಬಾಲ್ ಬೂಟು
ಪರದೆಯ ಮೇಲೆ ಗಿರಗಿರ ತಿರುಗಿತು.
ಹುಡುಗ ಬೂಟು ನೋಡಲಿಲ್ಲ.
ಸಾವಿರದ ತೊಂಬತ್ತೈದು, ಅಂದ ಮೆಲ್ಲಗೆ,
ಅಮ್ಮ ಊಟಕ್ಕೇಳುವ ಮುಂಚೆ ಮುಗಿಸ್ತಾಳೆ.

ಆಮೇಲೆ ಮುಖದ ಆಟ.
ಕ್ಯಾಮೆರಾ ನೋಡು, ನಗು,
ಮೂವತ್ತು ವರ್ಷ ಸೇದಿದ ನಿನ್ನನ್ನು ತೋರಿಸುತ್ತೇನೆ.
ಕೋಣೆ ತುಂಬ ಕೇಕೆ. ಒಬ್ಬನಿಗೆ ಹಲ್ಲಿಲ್ಲ,
ಒಬ್ಬಳಿಗೆ ಕೆನ್ನೆ ಒಣಗಿದ ಹುಣಸೆ,
ಫೋಟೋ ತೆಗೆದಿಟ್ಟುಕೊಳ್ಳಲು ನೂಕಾಟ.
ತೆಗಾರ್ ಮಾತ್ರ ಕೈ ಎತ್ತಿದ.
ಸಾರ್, ಇದು ತಪ್ಪು ತೋರಿಸ್ತಿದೆ.
ಹೋಗಿ ನೋಡಿದೆ.
ಕಣ್ಣ ಕೆಳಗೆ ಬೂದಿ, ತುಟಿಯ ಸುತ್ತ ಗೆರೆ,
ಬಣ್ಣ ಬಿಟ್ಟ ಚರ್ಮ.
ಇದು ನಮ್ಮಮ್ಮ, ಅಂದ.
ಅವಳು ಒಂದೂ ಸೇದಿಲ್ಲ.

ತಂತಿ ಸರಿ ಇತ್ತು. ಬೇರೇನು ನೋಡಲಿ ನಾನು?

ಕೆಳಗೊಂದು ಪೆಟ್ಟಿಗೆ: ಏನು ಬೇಕಾದರೂ ಕೇಳು.
ಎರಡೇ ಬೆರಳಲ್ಲಿ ಹುಡುಕಿ ಹುಡುಕಿ ಬರೆದ:
ಎಲ್ಲರೂ ಬಿಟ್ಟರೆ ಅಮ್ಮನಿಗೆ ಕೆಲಸ ಯಾರು ಕೊಡ್ತಾರೆ?
ಶ್ವಾಸಕೋಶ ತಲೆ ಕೆರೆದುಕೊಂಡಿತು.
ಕ್ಷಮಿಸು, ಅರ್ಥವಾಗಲಿಲ್ಲ,
ಬೇರೆ ಮಾತಿನಲ್ಲಿ ಕೇಳುವೆಯಾ?
ಬೇರೆ ಮಾತು ಅವನಲ್ಲಿರಲಿಲ್ಲ.
ಅಷ್ಟರಲ್ಲಿ ಗಂಟೆ.

ಕೊನೆಯ ಪುಟದಲ್ಲಿ ಹಸಿರು ಚೌಕ, ಇನ್ನು ಮುಟ್ಟುವುದಿಲ್ಲ ಎಂಬ ಆಣೆ.
ಮೂವತ್ತಮೂರು ಜನ ಒತ್ತಿ ಓಡಿದರು.
ತೆಗಾರ್ ಒತ್ತಲಿಲ್ಲ.
ಕಾಲುಚೀಲದಿಂದ ಮೂರು ಕ್ರೆತೆಕ್ ತೆಗೆದು
ಕೀಲಿಮಣೆಯ ಪಕ್ಕ ಸಾಲಾಗಿ ಇಟ್ಟ.
ಎಸೆಯೋಕೆ ಮನಸ್ಸಾಗಲ್ಲ ಸಾರ್,
ಅಮ್ಮ ಸುತ್ತಿದ್ದೇ ಇರಬಹುದು.

ಸಂಜೆ ಒಂದೊಂದೇ ಪರದೆ ಆರಿಸಿಕೊಂಡು ಬಂದೆ.
ಹನ್ನೊಂದನೆಯದರಲ್ಲಿ ಅದು ಇನ್ನೂ ಎಚ್ಚರವಿತ್ತು.
ದಿನಕ್ಕೆ ಎಷ್ಟು ಸೇದುತ್ತೀ?
ಕೋಣೆಯಲ್ಲಿ ಯಾರೂ ಇರಲಿಲ್ಲ.
ಸೊನ್ನೆ ಒತ್ತಿದೆ.
ಭೇಷ್, ಅಂದಿತು, ಕಣ್ಣು ಮಿಟುಕಿಸಿತು.

ಹೊರಗೆ ಕಾರ್ಖಾನೆ ಬಿಟ್ಟ ಹೆಂಗಸರ ಸೈಕಲ್ ಸಾಲು,
ಬೆಲ್ಲು, ಮಾತು, ಲವಂಗ.
ಜೇಬಿನಲ್ಲಿ ಆ ಮೂರೂ ಇವೆ.
ಬೆರಳಿಂದ ಸವರಿದರೆ ಒಂದರ ಅಂಟು ತುಸು ಓರೆ,
ಯಾರಿಗೋ ಆ ಹೊತ್ತಿಗೆ ಕೈ ಸೋತಿರಬೇಕು.
ಇನ್ನೂ ಹೊತ್ತಿಸಿಲ್ಲ.