ಹೊಸ ಮೀಟರು

ಬಸವೇಶ್ವರನಗರದ ಈ ಮೂರನೇ ಮಹಡಿಯಲ್ಲಿ
ಹದಿನಾಲ್ಕು ಸೈಕಲ್ಲು, ಎಲ್ಲಿಗೂ ಹೋಗದವು.
ನಿನ್ನೆ ಹಳೆಯ ಡಬ್ಬಿ ಕಳಚಿ
ಹೊಸ ಕನ್ಸೋಲ್ ಕೂರಿಸಿದ್ದಾರೆ.
ಅಂಗೈಯಗಲ ಗಾಜು,
ಮೇಲಿನ ಪ್ಲಾಸ್ಟಿಕ್ ಇನ್ನೂ ಸುಲಿದಿಲ್ಲ.

ಹಳೆಯದು ಧಾರಾಳಿ.
ನೂರ ಎಂಬತ್ತು ವ್ಯಾಟ್ ಅನ್ನುತ್ತಿತ್ತು
ಅರವತ್ತೆರಡರ ಈ ಮಂಡಿಗೆ!
ಹೊಸದು ಗಂಟಲು ಕೂಡ ಸರಿಮಾಡಿಕೊಳ್ಳದೆ ಹೇಳಿತು:
ತೊಂಬತ್ತಾರು.
ಬಚ್ಚಲಿನ ನೂರರ ಬಲ್ಬಿಗೂ ನಾಲ್ಕು ಕಮ್ಮಿ.

‘ಅದು ಅಂದಾಜು ಹೊಡೀತಿತ್ತು ಅಂಕಲ್,
ಇದು ಪೆಡಲಿಗೆ ಬಿದ್ದ ಬಲಾನೇ ಅಳೆಯುತ್ತೆ’
ಅಂದಳು ಟ್ರೇನರ್ ಜೋವಿಟಾ.
ಪಕ್ಕದ ಹಲ್ಲಿನ ಡಾಕ್ಟರದ್ದೂ ಅದೇ ತಕರಾರು.

ಮೂವತ್ತೊಂದು ವರ್ಷ ಮನೆಮನೆ ಮೀಟರ್ ಓದಿದವನು ನಾನು.
ಗೇಟಿನಾಚೆ ನಾಯಿ, ನಾಯಿಯ ಹಿಂದೆ ಯಜಮಾನರು:
‘ನಿಮ್ಮ ಮೀಟರ್ ಜೋರು ಓಡುತ್ತೆ ಸ್ವಾಮಿ,
ನಮ್ಮನೇಲಿರೋದು ಒಂದೇ ಫ್ಯಾನು.’
‘ಮೀಟರಿಗೆ ನಿಮ್ಮ ಮೇಲೇನು ದ್ವೇಷ?’ ಅಂದು
ಚೀಟಿ ಹರಿದು ಕೊಟ್ಟು ಮುಂದಿನ ಮನೆ.
ಇವತ್ತು ನನ್ನ ಬಾಯಲ್ಲೇ ಬಂತು:
ಇದು ನಿಧಾನ ಓಡುತ್ತಮ್ಮ.

ಬೆಳಗಿನ ಐದೂವರೆ. ಕರೆಂಟು ಹೋಯಿತು.
ಹಾಡು ನಿಂತಿತು, ಫ್ಯಾನುಗಳು ಸುತ್ತಿ ಸುತ್ತಿ ಸೋತವು.
ಕತ್ತಲಲ್ಲಿ ಅಂಕಿಗಳು ಮಾತ್ರ ಉರಿಯುತ್ತಿದ್ದವು
ನಮ್ಮ ನಮ್ಮ ಕಾಲಿನ ಕರೆಂಟಿನಲ್ಲಿ.
ಯಾರೋ ತುಳಿಯುವುದು ಬಿಟ್ಟರು, ಒಂದು ಆರಿತು.

‘ಸಾರ್, ನೀವು ಬೆಸ್ಕಾಂನವರಲ್ವಾ,
ಎಷ್ಟೊತ್ತಿಗೆ ಬರುತ್ತೆ?’
ರಿಟೈರಾದರೂ ಬಿಡದ ಪ್ರಶ್ನೆ.

ತೊಂಬತ್ತೆಂಟು.
ತುಳೀರಿ, ಅಂದೆ.