ಹನ್ನೊಂದು ದಿನದ ಬಾಕಿ

ಗುತ್ತಿಗೆಯವರ ಸಂಘಕ್ಕೆ ಖಜಾಂಚಿ ನಾನೇ, ಗುತ್ಯಮ್ಮ.
ಖಜಾನೆ ಅಂದರೆ ಒಂದು ಹಾರ್ಲಿಕ್ಸ್ ಬಾಟಲಿ,
ರಶೀದಿ ಪುಸ್ತಕ, ನೀಲಿ ಕಾರ್ಬನ್ನು,
ದಾರ ಕಟ್ಟಿದ ಪೆನ್ನು.
ಭದ್ರಾವತಿಯ ಎರಡನೇ ಗೇಟಿನೆದುರು ಚಪ್ಪರ ಹಾಕಿ
ಇವತ್ತಿಗೆ ಇಪ್ಪತ್ತಾರು ದಿನ.
ಖಾಯಂ ಆದವರು ಸೈಕಲ್ ಇಳಿಯದೆ ಒಳಗೆ ಹೋಗುತ್ತಾರೆ,
ನಮ್ಮ ಕಡೆ ನೋಡಬಾರದೆಂದು
ಚಿಮಣಿ ನೋಡುತ್ತಾರೆ.
ಚಿಮಣಿಯಲ್ಲೇನಿದೆ, ಹೊಗೆ ಕೂಡ ನೆಟ್ಟಗಿಲ್ಲ.

ಟರ್ನರ್ ಅಂತೋಣಿಸ್ವಾಮಿ ಬಂದದ್ದು ಒಂಬತ್ತನೇ ದಿನ.
ರಿಟೈರಾಗಿ ಹದಿನಾರು ವರ್ಷ, ಕನ್ನಡಕದ ಕಿವಿಗೆ ತಂತಿ ಸುತ್ತಿದೆ.
ಘೋಷಣೆ ಕೂಗಲಿಲ್ಲ, ಚಾ ಮುಟ್ಟಲಿಲ್ಲ,
ಹತ್ತು ರೂಪಾಯಿ ಚಾಚಿ
"ರಶೀದಿ ಬರಿಯಮ್ಮ" ಅಂದರು.
ಹೆಸರು?
"ಚಿಲುಫ್ಯಾ."
ಎಂಥದ್ದು?
"ಚಿ, ಲು, ಫ್ಯಾ. ಫಕ್ಕೆ ಯ ಒತ್ತು."
ಊರು?
"ಕಿಟ್ವೆ. ಜಾಂಬಿಯಾ."
ನಾನು ನಕ್ಕೆ, ಪಕ್ಕದ ಜೈನಾಬಿ ನಕ್ಕಳು.
ಅವರು ನಗಲಿಲ್ಲ.
ಬರೆದೆ.

ಕತೆ ಬಂದದ್ದು ದಿನಕ್ಕಿಷ್ಟು,
ಲೇತಿನಿಂದ ಉದುರುವ ಸುರುಳಿ ಕಬ್ಬಿಣದ ಹಾಗೆ.
ಮೂರು ವರ್ಷದ ಕರಾರು, ತಾಮ್ರದ ಗಣಿ,
ಯಾರೋ ಆಗಷ್ಟೇ ಬೆಂಕಿಕಡ್ಡಿ ಗೀರಿದ ಘಾಟು
ಹಗಲೂ ರಾತ್ರಿ.
ಪಕ್ಕದ ಮೆಷಿನ್ನಿಗೆ ಚಿಲುಫ್ಯಾ. ಅವನೂ ಖಜಾಂಚಿ,
"ನಿನ್ನ ಹಾಗೇ, ಅವನದ್ದು ಬಿಸ್ಕತ್ತಿನ ಡಬ್ಬಿ."
ಮಧ್ಯಾಹ್ನಕ್ಕೆ ಅವನು ತರುವುದು ಮೆಕ್ಕೆಜೋಳದ ಬಿಳಿ ಮುದ್ದೆ,
ಉಬ್ವಾಲಿ ಅನ್ನುತ್ತಾರಂತೆ;
ಮುರಿದು, ಹೆಬ್ಬೆಟ್ಟಲ್ಲಿ ಗುಳಿ ಮಾಡಿ,
ಒಣಮೀನಿನ ರಸಕ್ಕೆ ಅದ್ದಿ.
"ನಮ್ಮ ಕಡೆ ಮುದ್ದೆ ಅಗಿಯೋದಿಲ್ಲ ಅಂದೆ.
ಅವನು ನುಂಗಲು ಹೋಗಿ ಕೆಮ್ಮಿದ.
ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು."

ಆಮೇಲೆ ಮುಷ್ಕರ.
ಹಿಟ್ಟು ತುಟ್ಟಿಯಾಗಿ, ಸಂಬಳ ನಿಂತಲ್ಲೇ ನಿಂತು,
ಗಣಿಯವರೆಲ್ಲ ಗೇಟಿನಾಚೆ ಕೂತರು.
ಫೋರ್‌ಮನ್ ಹೊರದೇಶದವರನ್ನು ಒಳಗೆ ಕರೆದ:
ನಿಮಗೂ ಇದಕ್ಕೂ ಸಂಬಂಧವಿಲ್ಲ,
ವೀಸಾ ಮಾತ್ರ ನೆನಪಿರಲಿ.

"ಹೋದೆ" ಅಂದರು ಅಂತೋಣಿಸ್ವಾಮಿ.
ಅಷ್ಟೇ.
ಎರಡು ದಿನ ಮುಂದಿನ ಮಾತು ಬರಲಿಲ್ಲ.

ಲೇಬರ್ ಆಫೀಸಿನಿಂದ ನಮ್ಮ ಅರ್ಜಿ ವಾಪಸಾದ ಸಂಜೆ
ತಾವಾಗಿಯೇ ಶುರು ಮಾಡಿದರು:
"ಹನ್ನೊಂದು ದಿನ, ಅವನ ಮುಂದಿನಿಂದಲೇ.
ಬೈಯಲಿಲ್ಲ, ಉಗಿಯಲಿಲ್ಲ.
ಮ್ವಾಪೊಲೇನಿ ಅನ್ನುತ್ತಿದ್ದ, ಅವರ ಕಡೆಯ ನಮಸ್ಕಾರ,
ಎಲ್ಲರಿಗೂ ಅನ್ನುವ ಹಾಗೇ ನನಗೂ.
ಹನ್ನೆರಡನೇ ದಿನ ಪೊಲೀಸರ ಲಾರಿ.
ಅವನ ಮೆಷಿನ್ನಿಗೆ ಬೇರೆ ಹುಡುಗ."
ಡಬ್ಬಿ?
"ಗೊತ್ತಿಲ್ಲ. ಕೇಳುವ ಮುಖ ಇರಲಿಲ್ಲ.
ಬೈದಿದ್ದರೆ ಊರಿಗೆ ಬಂದು ಮರೆತಿರುತ್ತಿದ್ದೆ."

ಏನು ಹೇಳಬೇಕೋ ತೋಚಲಿಲ್ಲ.
ಅಷ್ಟರಲ್ಲಿ ಸೈರನ್ನು, ಎರಡನೇ ಪಾಳಿ,
ಸೈಕಲ್ಲುಗಳ ನಡುವೆ ನನ್ನ ಅಕ್ಕನ ಗಂಡ,
ಕ್ರೇನ್ ವಿಭಾಗದ ಶಾಂತವೀರಪ್ಪ,
ಚಿಮಣಿ ನೋಡುತ್ತ.
ಇಪ್ಪತ್ತು ದಿನದಿಂದ ಅವನಿಗೆಂದು ಮಸೆದಿಟ್ಟ ಮಾತು
ಬಾಯಿಗೆ ಬಂತು, ಹಲ್ಲಲ್ಲಿ ಹಿಡಿದೆ.
"ಊಟ ಆಯ್ತಾ ಭಾವಾ" ಅಂದೆ,
ಗೇಟಿನ ಕಾವಲುಗಾರನಿಗೂ ಕೇಳುವಷ್ಟು ಜೋರಾಗಿ.
ಸೈಕಲ್ ವಾಲಿತು. ನಿಲ್ಲಲಿಲ್ಲ.
ಬೆಲ್ಲು ಹೊಡೆದ, ಎರಡು ಸಲ.
ಎದುರಿಗೆ ಯಾರೂ ಇರಲಿಲ್ಲ.

ನಿನ್ನೆ ಶಿವಮೊಗ್ಗದಿಂದ ಫೆಡರೇಷನ್ನಿನವರು ಲೆಕ್ಕ ನೋಡಲು ಬಂದು
ಪುಸ್ತಕ ತಿರುವಿದರು.
ಇದ್ಯಾರಮ್ಮ ಚಿಲುಫ್ಯಾ, ಎಂಟು ಸಲ ಕೊಟ್ಟಿದ್ದಾನೆ,
ಯಾವ ಕಂಟ್ರಾಕ್ಟರನ ಕಡೆಯವನು?
ಗೇಟ್ ಪಾಸ್ ಇದೆಯಾ?
ಇಲ್ಲ ಸಾರ್, ಗೇಟಿನಿಂದ ಹೊರಗೆ ಕೂತವನು ಅಂದೆ.
ಅವರು ಕೆಂಪು ಪೆನ್ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಹೋದರು.

ಇರಲಿ.
ಇನ್ನು ಮೂರು ರಶೀದಿ ಬಾಕಿ.
ಕಾರ್ಬನ್ನು ಸವೆದಿದೆ,
ಒತ್ತಿ ಬರೆಯಬೇಕು.