ಬುಧವಾರದ ಭೂತ

ಪಿಚ್ಚರಿನ ಹೆಸರು ‘ಬುಧಗ್ರಹದ ಭೂತ’.
ಬೋರ್ಡು ಬರಿಯೋ ಪೇಂಟರಗ ಗ್ರಹ ಗೊತ್ತಿರಲಿಲ್ಲ,
ವಾರ ಗೊತ್ತಿತ್ತು.
ಹಂಗಾಗಿ ಮೈಂದರ್ಗಿಯಿಂದ ದುಧನಿ ತನಕ
ಗ್ವಾಡಿ ಮ್ಯಾಲೆಲ್ಲ ‘ಬುಧವಾರದ ಭೂತ’.
ಗುರುವಾರ ಬಂದವರು ಕೇಳ್ತಿದ್ರು:
ಇವತ್ತೂ ಇರ್ತದೇನ್ರಿ?

ಆ ಭೂತದ ಒಳಗ ಇದ್ದಾಂವ ನಾನು.

ನಾಕು ಸೋಲಾಪುರ ಚಾದರ, ಎಲ್ಲಾ ಸೆಕೆಂಡ್ಸ್ ಮಾಲು,
ಮಗ್ಗದಾಗ ನೂಲು ತಪ್ಪಿದ್ದು.
ಬೆನ್ನಿಗೊಂದು ಇಡೀ ನವಿಲು, ಹೊಟ್ಟಿಗೆ ಅರ್ಧ ನವಿಲು,
ಕಣ್ಣಿಗೆ ಸೈಕಲ್ಲಿನ ಹಿಂದಿನ ಕೆಂಪು ಕಾಜು.
ಮೇ ತಿಂಗಳು. ಒಳಗ ನಾ ಬೇಯ್ತಿದ್ದೆ,
ಹೊರಗ ರೇವಣಸಿದ್ಧ ಹತ್ತೂರೆ ಒದರ್ತಿದ್ದ:
‘ಇನ್ನಷ್ಟು ಸಿಟ್ಟು! ಕೋಟಿ ಮೈಲು ದಾಟಿ ಬಂದೀದಿ ನೀ!’
ನಾ ಬಂದದ್ದು ಅಕ್ಕಲಕೋಟ ಬಸ್ಸಿಗೆ, ನಿಂತಕೊಂಡು.
ಕೈಗಡಿಯಾರ ಬಿಚ್ಚೋದು ಮರ್ತಿದ್ದೆ.
ನಡುರಾತ್ರಿ ಸೀನು, ಭೂತದ ಕೈಯಾಗ ಮೂರೂ ಇಪ್ಪತ್ತು.

ಹಾರೋ ತಟ್ಟಿ ಅಂದ್ರ
ಅವನ ಹೆಂಡತಿ ನೀಲವ್ವನ ಎರಡು ಪರಾತ,
ಬಾಯಿಗೆ ಬಾಯಿ ಹಚ್ಚಿ ಬೆಸಗಿ, ಮ್ಯಾಲೊಂದು ನೈಲಾನ್ ದಾರ.
ಗಿರ್ರಂತ ತಿರುಗಿ ಹತ್ತಿರ ಬಂತಂದ್ರ
ಅಂಚಿನ ಅಕ್ಷರ ಚಂದಾಗಿ ಕಾಣ್ತಾವ:
‘ಚಿ. ಸೌ. ನೀಲವ್ವಗ ಸೋದರಮಾವನ ಆಹೇರ.’
ಈಗ ವರ್ಷಕ್ಕೊಮ್ಮೆ ದುಧನಿ ಅಡತಿ ಶೆಡ್ಡಿನಾಗ
ತೊಗರಿ ಚೀಲದ ಮ್ಯಾಲ ಕುಂತ ಇನ್ನೂರು ಮಂದಿ
ಆ ಸಾಲು ಕೂಡೇ ಓದ್ತಾರ, ಮಂಗಳಾಷ್ಟಕದ ಧಾಟಿಯಾಗ,
ಓದಿ ಪರದೆಗೆ ಜ್ವಾಳದ ಅಕ್ಷತಿ ಒಗೀತಾರ.
ನೀಲವ್ವನೂ ಒಗೀತಾಳ.
ಒಗದು, ಗಂಡನ ಕಡೆ ನೋಡದನ, ಅಂತಾಳ:
ನನ್ನ ಪರಾತ.

ಮೊದಲನೇ ಆಟದಾಗ ಯಾರೂ ನಕ್ಕಿರಲಿಲ್ಲ.
ರೊಕ್ಕ ವಾಪಸ್ ಕೇಳಿದ್ರು, ಎರಡು ಬಾಕು ಮುರಿದ್ರು.
ಹತ್ತೂರೆ ಮೂರು ದಿನ ಕದಾ ತೆರೀಲಿಲ್ಲ.
ಅಂವ ಮಂದೀನ್ನ ನಗಸಾಕ ಹೊಂಟಾವಲ್ಲ.
ಅವಗೊಂದು ಖರೇನ ಪ್ರಶ್ನೆ ಇತ್ತು:
ಅಲ್ಲಿ ಯಾರರ ಇದ್ದು, ದಾರಿ ತಪ್ಪಿ ನಮ್ಮ ಕಡೆ ಇಳದ್ರ,
ಯಾವ ಭಾಷಾದಾಗ ಮಾತಾಡಸೋದು?
ಅದಕ್ಕ ಪಿಚ್ಚರಿನಾಗ ಪೊಲೀಸ್ ಪಾಟೀಲ
ಮೊದಲ ಮರಾಠಿಯಾಗ ಕೇಳ್ತಾನ, ಭೂತ ಗಮ್ಮನ ನಿಂದರ್ತದ.
ಹಿಂದಿಯಾಗ ಕೇಳ್ತಾನ, ಗಮ್ಮನ ನಿಂದರ್ತದ.
‘ಯಾರಪಾ ನೀ?’ ಅಂದದ್ದೇ ತಡ, ಮೈಮ್ಯಾಲ ಬರ್ತದ.
ಈಗ ಆ ಜಾಗಾಕ್ಕ ಮಂದಿ ಎದ್ದು ನಿಂತು ಚಪ್ಪಾಳಿ ಹೊಡೀತಾರ.
ಹತ್ತೂರೆನೂ ಹೊಡೀತಾನ, ಎಲ್ಲಾರಕಿಂತ ತಡಾ ಮಾಡಿ.

ಸಾಯೋ ಸೀನಿನಾಗ ಬಾಲವಾಡಿ ಬಾಯಿ ಪ್ರಭಾವತಿ ನಕ್ಕಬಿಟ್ಳು.
ನನ್ನ ಬೆವರು ಆಕಿ ಮೂಗಿನ ತುದಿಗೆ ಬಿದ್ದಿತ್ತು.
ರೀಲು ತುಟ್ಟಿ, ಎರಡನೇ ಸಲ ಅನ್ನೋದಿಲ್ಲ.
ನಕ್ಕೋತನ ಸತ್ತಳು. ಆಮ್ಯಾಲ
ಸೋಲಾಪುರದಾಗ ಬ್ಯಾರೆ ಯಾರದೋ ಚೀರಾಟ ತಂದು ಹಚ್ಚಿದ್ರು.
ನಗೋ ಬಾಯಿ, ಚೀರೋ ದನಿ.
ಮಂದಿ ಹೊಟ್ಟಿ ಹಿಡಕೊಂಡು ಉರುಳ್ತಾರ.
ನನಗ ಮಾತ್ರ ಅದೊಂದು ಸೀನು ಈಗೂ ಆಗಿಬರೂದಿಲ್ಲ.

ಈ ವರ್ಷ ಬಾಜೂಕ ಒಂದು ಸಣ್ಣ ಹುಡುಗಿ ಕುಂತಿತ್ತು,
ಯಾರ ಪೈಕಿನೋ, ಫ್ರಾಕಿನ ತುಂಬ ಚುರಮುರಿ.
ಇನ್ನೂರು ಮಂದಿ ನಗೋವಾಗ
ಅದು ನನ್ನ ಕೈ ಗಟ್ಟಿ ಹಿಡದಿತ್ತು, ಉಗುರು ಊರೂಹಂಗ.
ಮೂವತ್ತೊಂದು ವರ್ಷಕ್ಕ ಮೊದಲನೇ ಗಿರಾಕಿ.
ಉಸುರು ಬಿಗಿಹಿಡದು ಕುಂತೆ,
ಎಲ್ಲಿ ಈ ಹೆದರಿಕಿ ಹಾರಿ ಹೋಗ್ತದೋ ಅಂತ.

ಭೂತ ಬಾವಿಗೆ ಬಿತ್ತು.
‘ಸತ್ತಿತೇನು?’ ಅಂತು.
ಇಲ್ಲವ್ವ, ಈಗ ಮ್ಯಾಲ ಬರ್ತದ ನೋಡು, ಅಂದೆ.
ಬಂತು. ಚಾದರ ತೊಟ್ಟಿಕ್ಕಿಸಕೋತ, ಮೆಟ್ಟಲ ಹಿಡಕೊಂಡು,
ಕ್ಯಾಮೆರಾ ಬಂದ್ ಆಗ್ಯದ ಅಂತ ತಿಳದು.

‘ಯಾಕ ಬಂತು?’

ನೀರು ಭಾಳ ಥಂಡ ಇತ್ತವ್ವ, ಅಂದುಬಿಟ್ಟೆ.

ಹುಡುಗಿ ಪರದೆ ನೋಡಿತು.
ನನ್ನ ಮುಖ ನೋಡಿತು.
ಆಮ್ಯಾಲ ನಿಧಾನಕ್ಕ, ಅಂಗಿ ತೋಳು ಮ್ಯಾಲ ಸರಿಸಿ,
ನನ್ನ ಕೈಗಡಿಯಾರ.